ಉಪ್ಪುನೀರಿನ ಇಪ್ಪತ್ನಾಲ್ಕು ಬರಣಿ

ಬೈಲಹೊಂಗಲದ ದಿಗಂಬರಭಟ್ಟರ ಮನೆಯ ಮುಂದೆ ಬಂಡಿ ನಿಂತಿತು. ಹುಲ್ಲು ತುಂಬಿದ ಪೆಟ್ಟಿಗೆಗಳಿಂದ ಗಾಜಿನ ಬರಣಿಗಳು ಒಂದೊಂದಾಗಿ ಕಟ್ಟೆಯ ಮೇಲೆ ಇಳಿದವು. ಭಟ್ಟರ ಮಗಳು ಯಮುನಾ ಬಾಗಿಲ ಮರೆಯಲ್ಲಿ ನಿಂತು ಎಣಿಸಿದಳು. ಇಪ್ಪತ್ನಾಲ್ಕು. ಪ್ರತಿಯೊಂದರ ಬಾಯಿಗೂ ಮೇಣ ಬಳಿದ ಬೂಚು, ಅದರ ಮೇಲೊಂದು ಬಟ್ಟೆಯ ಕಟ್ಟು.

ಒಳಗೆ ಮಡಿಯಲ್ಲಿದ್ದ ಸೋದರತ್ತೆ ರಾಧಾಬಾಯಿ ಕಿಟಕಿಯಿಂದ ನೋಡಿ ಹಿಗ್ಗಿದಳು. ರಾಮದುರ್ಗದ ಹುಡುಗನೊಬ್ಬ ಹವೆ ಬದಲಿಸಲು ಬರುತ್ತಾನೆ, ಹೊರಗಿನ ಖೋಲಿಯಲ್ಲಿ ಇರುತ್ತಾನೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ತಾಯಿಯಾದವಳು ಇಷ್ಟೊಂದು ಉಪ್ಪಿನಕಾಯಿ ಹಾಕಿ ಕಳಿಸಿದ್ದಾಳೆಂದರೆ ಮನೆತನ ಒಳ್ಳೆಯದೇ ಇರಬೇಕು. ಒಂದು ಬರಣಿ ಅಡಿಗೆಮನೆಗೆ ತಾ, ಮಾವೋ ನಿಂಬೆಯೋ ನೋಡೋಣ ಎಂದು ಯಮುನಾಳನ್ನು ಕಳಿಸಿದಳು.

ಯಮುನಾ ಒಂದನ್ನು ಎತ್ತಿ ಸೊಂಟಕ್ಕೆ ಆನಿಸಿಕೊಂಡು ನಡುಮನೆ ದಾಟುತ್ತಿದ್ದಳು. ಹಿಂದಿನಿಂದ ಯಾರೋ ಓಡಿಬಂದ ಸಪ್ಪಳವಾಯಿತು.

"ನಿಂದರ್ರಿ. ಅದು ಊಟದ್ದಲ್ಲ."

ಅವಳು ತಿರುಗಿದಳು. ಜ್ವರದಿಂದೆದ್ದ ಮುಖದ, ಉದ್ದ ಕತ್ತಿನ ಯುವಕ. ಅವನ ಕಣ್ಣು ಅವಳ ಮೇಲಿರಲಿಲ್ಲ, ಬರಣಿಯ ಮೇಲಿತ್ತು. ಆಗ ಅವಳೂ ಬರಣಿಯೊಳಗೆ ನೋಡಿದಳು. ಸಣ್ಣ ಬೀಸಣಿಗೆಯಂಥ ಚಿಪ್ಪುಗಳು ಬಾಯಿ ಅರೆದೆರೆದು ಒಂದರ ಮೇಲೊಂದು ಕುಳಿತಿದ್ದವು, ಒಳಗೆ ಬಿಳಿಯ ಮಾಂಸ.

"ಕೈ ಬಿಡಬ್ಯಾಡ್ರಿ," ಎಂದ ಅವನು ಮೆಲ್ಲಗೆ.

ಅವಳು ಬಿಡಲಿಲ್ಲ. ಎರಡೂ ಕೈಯಿಂದ ಅವನಿಗೆ ಕೊಟ್ಟಳು. ಅಡಿಗೆಮನೆಯೊಳಗಿಂದ ರಾಧಾಬಾಯಿ, ಏನದು, ಎಂಥ ಹೋಳು ಎಂದು ಕೇಳುತ್ತಲೇ ಇದ್ದಳು. ಅವನಿಗೆ ನಗು ತಡೆಯಲಾಗಲಿಲ್ಲ. ಯಮುನಾ ನಗಲಿಲ್ಲ, ಆದರೆ ಅವನು ನಕ್ಕದ್ದನ್ನು ಪೂರ್ತಿ ನೋಡಿದಳು. ಸಂಜೆಯವರೆಗೆ ಅತ್ತೆ ನಡುಮನೆಗೆಲ್ಲ ಸೆಗಣಿನೀರು ಚಿಮುಕಿಸಿದಳು.

ಅವನ ಹೆಸರು ಬಾಳಕೃಷ್ಣ. ಅವನ ತಂದೆ ಮತ್ತು ದಿಗಂಬರಭಟ್ಟರು ಒಂದೇ ಪಾಠಶಾಲೆಯಲ್ಲಿ ಕಲಿತವರು. ಕಾಲೇಜು ಮುಗಿಸಿ ಪ್ರಾಣಿಶಾಸ್ತ್ರ ಹಿಡಿದು, ಕಾರವಾರದ ಕಡೆ ಹೊಳೆ ಕಡಲು ಸೇರುವ ಒಂದು ಅಳಿವೆಯ ದಂಡೆಯಲ್ಲಿ ಎರಡು ವರ್ಷ ಇದ್ದ. ಪ್ರತಿ ಅಮಾವಾಸ್ಯೆಗೆ ನೀರು ಇಳಿದಾಗ ಉಸುಕಿನಿಂದ ಈ ಚಿಪ್ಪಿನ ಜೀವಿಗಳನ್ನು ಆರಿಸಿ, ತಿಂಗಳಿಗೊಂದು ಬರಣಿಯಂತೆ ಸ್ಪಿರಿಟ್ಟಿನಲ್ಲಿ ಹಾಕಿ ಇಟ್ಟಿದ್ದ. ಅಲ್ಲಿಯ ಚಳಿಜ್ವರ ಅವನನ್ನು ಹಿಂಡಿಹಾಕಿತು. ಒಣಹವೆಯ ಊರಿಗೆ ಹೋಗೆಂದು ಡಾಕ್ಟರು ಹೇಳಿದ್ದರು. ಇಲ್ಲಿ ಕುಳಿತು ಅವನ್ನೆಲ್ಲ ಅಳೆದು, ಕತ್ತರಿಸಿ ನೋಡಿ, ಪ್ರಬಂಧ ಬರೆದು ಬೇಸಿಗೆಯೊಳಗೆ ಮುಂಬೈಗೆ ಕಳಿಸಬೇಕಿತ್ತು.

ಯಮುನಾಳಿಗೆ ಆಗ ಹತ್ತೊಂಬತ್ತು. ಐದನೆಯ ಇಯತ್ತೆಯಲ್ಲಿ ತಾಯಿ ತೀರಿಕೊಂಡ ವಾರವೇ ಅವಳ ಸಾಲೆ ನಿಂತಿತ್ತು. ಅಂದಿನಿಂದ ಒಲೆ, ಬಾವಿ, ಅತ್ತೆಯ ಮಡಿ. ಬಿಡುವಿದ್ದಾಗ ಕಸೂತಿ. ಯಾರಾದರೂ ಬಂದರೆ ಬಾಗಿಲ ಹಿಂದೆ ಸರಿದು ನಿಲ್ಲುತ್ತಿದ್ದಳು. ಆದರೆ ಬಂದವರ ಅಂಗಿಯ ಎಷ್ಟನೆಯ ಗುಂಡಿ ಹರಿದಿದೆ ಎಂಬುದು ಅವಳಿಗೆ ಗೊತ್ತಿರುತ್ತಿತ್ತು.

ಬೆಳಿಗ್ಗೆ ಕಷಾಯ ಒಯ್ದು ಖೋಲಿಯ ಹೊಸ್ತಿಲ ಮೇಲಿಟ್ಟು ಬರುವುದು ಅವಳ ಕೆಲಸವಾಯಿತು. ಇಟ್ಟು ಬರಲು ಎಷ್ಟು ಹೊತ್ತು ಬೇಕು? ದಿನದಿನಕ್ಕೆ ಅದು ಸ್ವಲ್ಪ ಸ್ವಲ್ಪವೇ ಬೆಳೆಯಿತು.

ಒಂದು ದಿನ ಅವನು ತಟ್ಟೆಯಲ್ಲಿ ಒಂದನ್ನು ಬಿಡಿಸಿಟ್ಟುಕೊಂಡಿದ್ದ. ಅವಳು ನೋಡುತ್ತಿರುವುದನ್ನು ಕಂಡು ತಟ್ಟೆಯನ್ನು ಹೊಸ್ತಿಲ ಬಳಿ ತಂದ.

"ಅಂಚಿನ ಸುತ್ತ ಕರೀ ಚುಕ್ಕಿ ಕಾಣತಾವಲ್ರಿ? ಅವು ಕಣ್ಣು."

"ಎಲ್ಲಾನೂ?"

"ಎಲ್ಲಾನೂ. ಬದುಕಿದ್ದಾಗ ನೀಲಿ ಹೊಳೀತಾವ."

ಅವಳು ಮನಸ್ಸಿನಲ್ಲೇ ಎಣಿಸುತ್ತ ನಲವತ್ತರವರೆಗೆ ಹೋದಳು. ಇಷ್ಟು ಕಣ್ಣು ಇಟ್ಟುಕೊಂಡು ಅದು ಏನನ್ನು ನೋಡುತ್ತದೆ ಎಂದು ಕೇಳಿದಳು. ಅದೇ ಅವಳು ತಾನಾಗಿ ಅವನಿಗೆ ಕೇಳಿದ ಮೊದಲ ಮಾತು.

"ಭಾಳೇನಿಲ್ರಿ. ನೆರಳು ಬಂತು, ನೆರಳು ಹೋತು, ಅಷ್ಟ. ಮಾತಿಲ್ಲ ಕಥಿಯಿಲ್ಲ. ಅರ್ಧ ಮೈ ಉಸುಕಿನಾಗ ಮುಚ್ಚಿಕೊಂಡು, ಬಾಗಲಾ ಸಣ್ಣಗ ತಗದು, ಸುಮ್ಮನ ನೋಡತಿರತದ."

ಹಾಗೆಂದು ಅವನು, ಅರ್ಧ ಕದದ ಹಿಂದೆ ಇದ್ದ ಅವಳನ್ನು ನೋಡಿ ತುಟಿಯ ಒಂದು ಬದಿಯಲ್ಲಿ ನಕ್ಕ. ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಕಿವಿ ಬೆಚ್ಚಗಾದವು. ಸೆರಗು ಎಳೆದುಕೊಂಡು ಒಳಗೆ ಹೋದಳು. ಮರುದಿನ ಕಷಾಯದ ಲೋಟ ಇಟ್ಟಾಗ ಕದದ ಈಚೆ ನಿಂತಳು.

ಅವನಿಗೆ ಕಲಿಸುವ ಚಟ, ಅವಳಿಗೆ ಕೇಳುವ ಹಸಿವು. ಈ ಜೀವಿ ಹೊಳೆಯ ಸಿಹಿನೀರೂ ಅಲ್ಲದ ನಡುಗಡಲೂ ಅಲ್ಲದ ಕಡೆ, ಅಳಿವೆಯ ಬಾಯಿಯ ತೆಳು ನೀರಿನಲ್ಲಿ ಇರುತ್ತದೆ. ಕೆಳಗಿನ ಚಿಪ್ಪು ಬಿಳಿಚಿಕೊಂಡಿರುತ್ತದೆ, ಮೇಲಿನದಕ್ಕೆ ಇಟ್ಟಂಗಿ ಬಣ್ಣದ ಮಚ್ಚೆ. ಹಸಿವಾದರೆ ಎಲ್ಲಿಗೂ ಹೋಗುವುದಿಲ್ಲ, ಬಾಯಿ ತೆರೆದು ನೀರನ್ನು ಸೋಸಿಕೊಂಡು ಉಣ್ಣುತ್ತದೆ. ನಕ್ಷತ್ರಮೀನು ಹತ್ತಿರ ಬಂದರೆ ಮಾತ್ರ ಎರಡೂ ಚಿಪ್ಪನ್ನು ಚಪ್ಪಾಳೆಯಂತೆ ಬಡಿದು ನೀರು ಉಗುಳುತ್ತ ಹಾರಿಹೋಗುತ್ತದೆ. ಎಳೆಯದಿದ್ದಾಗ ತನ್ನ ಮೈಯಿಂದಲೇ ದಾರ ತೆಗೆದು ನೀರೊಳಗಿನ ಹುಲ್ಲಿಗೆ ತನ್ನನ್ನು ಕಟ್ಟಿಕೊಳ್ಳುತ್ತದೆ. ದಾರದ ಮಾತು ಬಂದಾಗ ಯಮುನಾ, ಅದು ಗಂಟು ಹಾಕುತ್ತದೋ ಅಂಟಿಸುತ್ತದೋ ಎಂದು ಕೇಳಿದಳು. ಯಾವ ಪ್ರೊಫೆಸರರೂ ಹೀಗೆ ಕೇಳಿರಲಿಲ್ಲವೆಂದು ಅವನು ಅರ್ಧ ಗಂಟೆ ಅದನ್ನೇ ಹೇಳಿದ.

ಮಳೆಗಾಲದಲ್ಲಿ ಅವೆಲ್ಲ ಏನಾಗುತ್ತವೆ ಎಂದು ಇನ್ನೊಂದು ದಿನ ಕೇಳಿದಳು. ಘಟ್ಟದ ಹೊಸನೀರು ಇಳಿದು ಅಳಿವೆ ಸಿಹಿಯಾಗುತ್ತದೆ, ಆಗ ರಾಶಿಗಟ್ಟಲೆ ಸಾಯುತ್ತವೆ, ಕಡಲ ಬದಿಗೆ ಕೆಲವಷ್ಟೇ ಉಳಿಯುತ್ತವೆ ಎಂದ.

"ಸಿಹಿನೀರು ಅವಕ್ಕ ವಿಷ ಇದ್ಧಾಂಗ. ಉಪ್ಪು ಇದ್ರನ ಜೀವ."

ಸಮುದ್ರದ ನೀರು ಎಷ್ಟು ಉಪ್ಪಿರುತ್ತದೆ ಎಂಬುದು ಅವಳಿಗೆ ತಿಳಿಯದು. ಸಾರಿಗಿಂತ ಹೆಚ್ಚು, ಉಪ್ಪಿನಕಾಯಿಗಿಂತ ಕಡಿಮೆ ಎಂದು ಅವನು ಲೆಕ್ಕ ಕೊಟ್ಟ.

ಕಸೂತಿಯ ಎಳೆ ಎಣಿಸುವವಳ ಕಣ್ಣು ಎಂದು ತಿಳಿದ ಮೇಲೆ ಒಣಗಿದ ಚಿಪ್ಪುಗಳ ಗೆರೆ ಎಣಿಸುವ ಕೆಲಸವನ್ನು ಅವಳಿಗೇ ಕೊಟ್ಟ. ಅವನು ಜ್ವರದ ಕೈಯಿಂದ ಎಣಿಸಿದ್ದರಲ್ಲಿ ಅವಳು ಮೂರು ತಪ್ಪು ಹಿಡಿದಳು. ಒಮ್ಮೆ ಬಿಡಿಸಿದ ಒಂದರ ನಡುವೆ ಬಾಗಿದ ಸಣ್ಣ ಚೀಲ ಕಂಡು, ಅರ್ಧ ಕೆನೆಬಣ್ಣ ಅರ್ಧ ಕಿತ್ತಳೆ ಯಾಕಿದೆ ಎಂದಳು. ಬಾಳಕೃಷ್ಣ ಕಿವಿಯ ಹಿಂದೆ ಕೆರೆದುಕೊಂಡ.

"ಗಂಡೂ ಹೆಣ್ಣೂ ಎರಡೂ ಒಂದರಾಗೇ ಇರತಾವ್ರಿ ಇದರಾಗ."

ಅವಳು ಎದ್ದು ಹೋದಳು. ಹೋಗುವಾಗ ಚಿಪ್ಪುಗಳ ಬುಟ್ಟಿಯನ್ನೂ ಎತ್ತಿಕೊಂಡು ಹೋದಳು, ಅದನ್ನು ಮರಳಿಸಲು ಮತ್ತೆ ಬರಬೇಕಾಯಿತು. ಅವನು ತಲೆ ಎತ್ತದೆಯೇ, ಬುಟ್ಟಿ ಅಲ್ಲೇ ಇರಲಿ ಎಂದ. ಅವನ ಕಿವಿಗಳೂ ಕೆಂಪಗಿದ್ದವು.

ಆ ಚೀಲ ಯಾವ ತಿಂಗಳು ತುಂಬುತ್ತದೆ, ಯಾವ ತಿಂಗಳು ಬರಿದಾಗುತ್ತದೆ ಎಂಬುದೇ ಅವನ ಪ್ರಬಂಧದ ಜೀವಾಳ. ಹದಿನಾಲ್ಕು ಬರಣಿ ನೋಡಿ ಮುಗಿದಿತ್ತು. ಇನ್ನು ಹತ್ತು ಉಳಿದಿದ್ದವು.

ಫಾಲ್ಗುಣದಲ್ಲಿ ಕಿತ್ತೂರಿನಿಂದ ಯಮುನಾಳಿಗೆ ಸಂಬಂಧ ಬಂತು. ವರನಿಗೆ ಎರಡನೆಯ ಮದುವೆ, ಮನೆಯಲ್ಲಿ ಎರಡು ಕೂಸು. ಜಾತಕದಲ್ಲಿ ಮಂಗಳವಿದ್ದ ಹುಡುಗಿಗೆ ಇದಕ್ಕಿಂತ ಹೆಚ್ಚಿನದು ಸಿಗಲಾರದೆಂದು ದಿಗಂಬರಭಟ್ಟರು ಒಪ್ಪಿದರು. ಮುಂದಿನ ವಾರದ ಶುಕ್ರವಾರ ಸಾಖರಪುಡಾ, ಸಕ್ಕರೆ ಹಂಚಿ ನಿಶ್ಚಿತಾರ್ಥ ಎಂದು ಗೊತ್ತಾಯಿತು. ಅವಳನ್ನು ಯಾರೂ ಕೇಳಲಿಲ್ಲ. ಕೇಳುವುದು ಆ ಮನೆಯ ರೂಢಿಯೂ ಆಗಿರಲಿಲ್ಲ.

ಮರುದಿನ ಮುಂಜಾನೆ ಬಾಳಕೃಷ್ಣ ಧಾರವಾಡಕ್ಕೆ ಹೊರಟಿದ್ದ. ಬರೆದಷ್ಟನ್ನು ಪ್ರೊಫೆಸರರಿಗೆ ತೋರಿಸಿ ಎಂಟು ದಿನಕ್ಕೆ ಬರುತ್ತೇನೆಂದು ಖೋಲಿಗೆ ಬೀಗ ಹಾಕಿ, ಕೀಲಿಯನ್ನು ನಡುಮನೆಯ ಗೂಟಕ್ಕೆ ತೂಗಹಾಕಿದ. ಕಿತ್ತೂರಿನ ಸುದ್ದಿ ಅವನ ಕಿವಿಗೂ ಬಿದ್ದಿತ್ತು ಎಂದು ಅವನ ಮುಖವೇ ಹೇಳುತ್ತಿತ್ತು. ಕಟ್ಟೆ ಇಳಿದವನು ತಿರುಗಿ ನಿಂತ.

"ಬಂದ ಮ್ಯಾಲೆ ನಿಮಗೊಂದು ಮಾತು ಹೇಳೂದದ."

ಅವಳು ತಲೆಯಾಡಿಸಿದಳು. ಬಸ್ಸು ಯರಗಟ್ಟಿಯ ದಾರಿಯ ಧೂಳನ್ನೇ ಹೊದ್ದುಕೊಂಡು ನಿಂತಿತ್ತು, ಅವನು ಅದರೊಳಗೆ ಹತ್ತಿ ಕಾಣದಾದ.

ಅದು ದಾರೂಬಂದಿ, ಸರಕಾರದ ಪಾನನಿಷೇಧ, ಬಂದ ಎರಡನೆಯ ವರ್ಷ. ಸೋಮವಾರ ಬಾವಿಯ ಬಳಿ ನೆರೆಮನೆಯ ಶಟ್ಟೆವ್ವ ಹಗ್ಗ ಬಿಡುತ್ತ ದನಿ ತಗ್ಗಿಸಿದಳು.

"ಯಮುನವ್ವ, ನಿಮ್ಮ ಖೋಲ್ಯಾಗಿನಾವ ಇಪ್ಪತ್ನಾಕ ಬರಣಿ ದಾರು ಇಟ್ಟಾನಂತ ಊರೆಲ್ಲಾ ಮಾತಾಡಾಕ ಹತ್ತೈತಿ. ನಾಳಿ ಫೌಜದಾರ ಬರ್ತಾನಂತ. ಯರಗಟ್ಟ್ಯಾಗ ಒಬ್ಬಾತನ್ನ ಹಗ್ಗಾ ಕಟ್ಟಿ ಒಯ್ದಾರ, ಗೊತ್ತೈತಿಲ್ಲೊ?"

ಸ್ಪಿರಿಟ್ಟಿನ ವಾಸನೆ ದಾರುವಿನ ವಾಸನೆಯೇ ಎಂದು ಯಮುನಾಳೂ ಒಮ್ಮೆ ಅಂದುಕೊಂಡಿದ್ದಳು. ಧಾರವಾಡಕ್ಕೆ ಕಾಗದ ಬರೆದರೆ ಮುಟ್ಟಲು ಎರಡು ದಿನ. ತಂದೆಗೆ ಹೇಳಿದರೆ ಬರಣಿಗಳನ್ನು ತಾವೇ ಬೀದಿಗೆ ಎಸೆದಾರು. ಅವಳ ಕಣ್ಣೆದುರಿಗೆ ಬಂದದ್ದು ಒಂದೇ, ಬಸ್ಸಿನಿಂದ ಇಳಿದ ಉದ್ದ ಕತ್ತಿನವನನ್ನು ಹಗ್ಗ ಹಾಕಿ ಊರ ನಡುವೆ ನಡೆಸಿಕೊಂಡು ಹೋಗುವುದು. ಆ ಜ್ವರದ ಮೈ ಎಷ್ಟು ದೂರ ನಡೆದೀತು?

ಮಧ್ಯಾಹ್ನ ತಂದೆ ಮುರಗೋಡಕ್ಕೆ ಹೋಗಿದ್ದರು. ಅತ್ತೆ ಉಂಡು ಮಲಗಿದ್ದಳು. ಯಮುನಾ ಗೂಟದಿಂದ ಕೀಲಿ ತೆಗೆದಳು. ಹತ್ತೊಂಬತ್ತು ವರ್ಷದಲ್ಲಿ ಯಾರಿಗೂ ಹೇಳದೆ ಮಾಡಿದ ಮೊದಲ ಕೆಲಸ ಅದು.

ಬೂಚು ತೆಗೆದು, ಬಾಯಿಗೆ ಬಟ್ಟೆ ಹಿಡಿದು, ಒಂದೊಂದೇ ಬರಣಿಯ ಸ್ಪಿರಿಟ್ಟನ್ನು ಕೊಡಕ್ಕೆ ಬಸಿದು ಹಿತ್ತಲ ತಿಪ್ಪೆಗೆ ಸುರಿದಳು. ಒಂದು ಚಿಪ್ಪೂ ಜಾರಲಿಲ್ಲ, ಒಳಗೆ ಪೆನ್ಸಿಲಿನಲ್ಲಿ ತಿಂಗಳ ಹೆಸರು ಬರೆದಿದ್ದ ಒಂದು ಚೀಟಿಯೂ ಹರಿಯಲಿಲ್ಲ. ಆಮೇಲೆ ದೊಡ್ಡ ಹಂಡೆಯಲ್ಲಿ ಉಪ್ಪು ಕಲಸಿದಳು. ನಾಲಗೆಗೆ ಹಚ್ಚಿ ನೋಡಿದಳು, ಸಾರಿಗಿಂತ ಹೆಚ್ಚು, ಉಪ್ಪಿನಕಾಯಿಗಿಂತ ಕಡಿಮೆ. ಇಪ್ಪತ್ನಾಲ್ಕೂ ಬರಣಿಗೆ ಕುತ್ತಿಗೆಯ ತನಕ ತುಂಬಿದಳು. ಅವುಗಳನ್ನು ತಮ್ಮ ಮನೆಗೆ ಮರಳಿಸಿದಂತೆ ಅವಳಿಗೆ ಅನ್ನಿಸಿತು. ಬೂದಿಯಿಂದ ನೆಲ ಒರೆಸಿ, ಲೋಬಾನ ಹಾಕಿ, ಬೀಗ ಜಡಿದಾಗ ಬಗಲೆಲ್ಲ ಬೆವರು.

ಮಂಗಳವಾರ ಫೌಜದಾರ ನಿಜವಾಗಿಯೂ ಬಂದ. ಭಟ್ಟರು ಗಾಬರಿಯಾಗಿ ಖೋಲಿ ತೆಗೆಸಿದರು. ಅವನು ಒಂದು ಬೂಚು ತೆಗೆದು ಮೂಸಿದ, ಇನ್ನೊಂದನ್ನು ಮೂಸಿದ. ಬೆರಳದ್ದಿ ನಾಲಗೆಗೆ ಹಚ್ಚಿದ. ಏನೂ ಅನ್ನದೆ ಪುಸ್ತಕದಲ್ಲಿ ಬರೆದುಕೊಂಡು ಹೋದ. ಒಳಗೆ ಕಿಟಕಿಯ ಸರಳು ಹಿಡಿದು ಯಮುನಾ ನೋಡುತ್ತಿದ್ದಳು. ಅವನು ಹೋದ ಮೇಲೆ ದೇವರ ಮುಂದೆ ಕುಳಿತು ಅತ್ತಳು. ಉಳಿಸಿದೆ ಎಂದುಕೊಂಡಳು. ಎರಡು ದಿನ ಅವಳು ಒಲೆಯ ಮುಂದೆಯೂ ಗುನುಗಿದಳು. ಕಿತ್ತೂರಿಗೆ ಹೋದರೂ ಇದೊಂದು ತನ್ನದಾಗಿ ಇರುತ್ತದೆ, ಯಾರಿಗೂ ಹೇಳಬೇಕಾಗಿಲ್ಲ, ಅವರಿಗೂ ಕೂಡ.

ಗುರುವಾರ ಮಧ್ಯಾಹ್ನ ಖೋಲಿಯ ಬಾಗಿಲ ಸಂದಿಯಿಂದ ಒಂದು ವಾಸನೆ ಬಂತು. ಇಲಿ ಸತ್ತಿರಬೇಕು ಎಂದಳು ರಾಧಾಬಾಯಿ. ಯಮುನಾ ಕೀಲಿಗಾಗಿ ಕೈ ಚಾಚಿದಳು. ಅತ್ತೆ ಎದುರಿಗೇ ಕುಳಿತು ಬತ್ತಿ ಹೊಸೆಯುತ್ತಿದ್ದಳು. ಕೈ ಹಿಂದೆ ಬಂತು.

ಶುಕ್ರವಾರ ಮೊದಲ ಬಸ್ಸಿನಿಂದ ಬಾಳಕೃಷ್ಣ ಇಳಿದ. ಅವನು ಬೀಗ ತೆಗೆದ ಸಪ್ಪಳ ಅವಳಿಗೆ ಅಡಿಗೆಮನೆಗೆ ಕೇಳಿಸಿತು. ಕಷಾಯದ ಲೋಟ ಹಿಡಿದು ಹೋದಾಗ ಅವನು ನೆಲದ ಮೇಲೆ ಕುಳಿತಿದ್ದ, ಮಡಿಲಲ್ಲಿ ಒಂದು ಬರಣಿ. ನೀರು ಹಾಲು ಒಡೆದಂತೆ ಕಲಕಿತ್ತು. ಚಿಪ್ಪುಗಳೊಳಗಿನ ಮಾಂಸ ಕರಗಿ ಎಳೆ ಎಳೆಯಾಗಿ ತೇಲುತ್ತಿತ್ತು.

"ಯಾರೋ ಸ್ಪಿರಿಟ್ ಕುಡದು ನೀರು ಹಾಕ್ಯಾರ," ಎಂದ, ಅವಳಿಗೆ ಹೇಳಿದಂತೆ ಅಲ್ಲ, ಬರಣಿಗೆ ಹೇಳಿದಂತೆ. "ಹತ್ತು ತಿಂಗಳು ನೋಡೂದು ಉಳದಿತ್ತು."

ಅವಳು ಅಲ್ಲೇ ನಿಂತಿದ್ದಳು. ಸ್ಪಿರಿಟ್ಟಿನಿಂದ ತೆಗೆದರೆ ಕೊಳೆಯುತ್ತವೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬದುಕಿರುವುದಕ್ಕೆ ಉಪ್ಪು ಬೇಕು ಎಂದು ಹೇಳಿದ್ದರು. ಇವು ಬದುಕಿರಲಿಲ್ಲ. ಇಷ್ಟು ಸಾದಾ ಮಾತು ಆ ಮಧ್ಯಾಹ್ನ ಅವಳ ತಲೆಗೆ ಹೊಳೆದಿರಲಿಲ್ಲ. ನಾನೇ ಎಂದು ಹೇಳಲು ಲೋಟ ಕೆಳಗಿಟ್ಟಳು. ಅಷ್ಟರಲ್ಲಿ ಅವನು ಎದ್ದು ಠಾಣೆಗೆ ನಡೆದುಬಿಟ್ಟ.

ಅಲ್ಲಿ ಅವನಿಗೆ ಇನ್ನೊಂದು ಕಾದಿತ್ತು. ಸ್ಪಿರಿಟ್ ಇಟ್ಟುಕೊಳ್ಳಲು ಅವನಿಗೆ ಸರಕಾರದ ಪರವಾನಗಿ ಇತ್ತು. ಅವನು ಊರಿಗೆ ಬಂದ ದಿನವೇ ಅದರ ನಕಲು ಠಾಣೆಗೆ ಹೋಗಿತ್ತು. ಫೌಜದಾರ ಮಂಗಳವಾರ ಬಂದದ್ದು ಹಿಡಿಯಲಿಕ್ಕಲ್ಲ, ಕೊಟ್ಟ ಸ್ಪಿರಿಟ್ ಇದೆಯೋ ಇಲ್ಲವೋ ನೋಡಲಿಕ್ಕೆ. ಇರಲಿಲ್ಲ. ಹಾಗಾದರೆ ಮಾರಿಕೊಂಡೆಯಾ ಎಂದು ಈಗ ಅವನನ್ನೇ ಕೇಳಿದರು.

ಹೀಗೆ ಅಂದು ಮೂರು ಗಂಟೆಗೆ ನಡುಮನೆಯಲ್ಲಿ ಕಿತ್ತೂರಿನವರು ಜಮಖಾನದ ಮೇಲೆ ಕುಳಿತಿದ್ದಾಗಲೇ, ಫೌಜದಾರ ಬಾಳಕೃಷ್ಣನನ್ನು ಮುಂದಿಟ್ಟುಕೊಂಡು ಬಂದ. ವರನ ತಾಯಿ ಭಾಗೀರಥಿಬಾಯಿ ಸಕ್ಕರೆಯ ತಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ದಿಗಂಬರಭಟ್ಟರು ಬಿಳಿಚಿಕೊಂಡರು. ಕೀಲಿ ಎಲ್ಲರ ಕಣ್ಣೆದುರಿನ ಗೂಟದಲ್ಲೇ ಇತ್ತು. ಹೊರಗಿನವರೆಂದರೆ ಆಕಳ ಮೇವಿಗೆ ಬರುವ ಮಡಿವಾಳೆಪ್ಪ ಒಬ್ಬನೇ ನಡುಮನೆ ದಾಟುವವನು, ದಾರೂಬಂದಿಯ ಮೊದಲು ಅವನು ಕುಡಿಯುತ್ತಿದ್ದದ್ದೂ ಊರಿಗೆ ಗೊತ್ತು. ಭಟ್ಟರು ಬೆರಳು ತೋರಿಸಿದರು. ಹಿತ್ತಲಿಂದ ಅವನನ್ನು ಎಳೆದು ತಂದರು.

ಮಡಿವಾಳೆಪ್ಪ ಅಳಲಿಲ್ಲ. ಕೈ ಕಟ್ಟಿ ನಿಂತ.

"ಅಪ್ಪಾರ, ಬಿಟ್ಟು ಎರಡು ವರ್ಷ ಆತ್ರಿ. ನನ್ನ ಮಗಳ ತಲಿ ಮುಟ್ಟಿ ಹೇಳತೇನಿ, ನಾ ಆ ಬಾಗಲಾ ಸೈತ ಮುಟ್ಟಿಲ್ಲ."

ನಾ ಇವನನ್ನು ಅನುಮಾನಿಸುವುದಿಲ್ಲ ಎಂದು ಬಾಳಕೃಷ್ಣ ಹೇಳಿದ. ಹಾಗಾದರೆ ನೀವೇ ಬನ್ನಿರಿ, ಇಬ್ಬರಲ್ಲಿ ಒಬ್ಬರು ಬರಬೇಕು ಎಂದ ಫೌಜದಾರ.

ಅಡಿಗೆಮನೆಯಲ್ಲಿ ಯಮುನಾ ಹಸಿರು ಇಳಕಲ್ ಸೀರೆಯಲ್ಲಿ, ಕೈಯಲ್ಲಿ ಚಹಾದ ತಾಟು ಹಿಡಿದು ನಿಂತಿದ್ದಳು. ಸುಮ್ಮನಿದ್ದರೆ ಏನೂ ಆಗುವುದಿಲ್ಲ. ಮಡಿವಾಳೆಪ್ಪ ಹೋಗುತ್ತಾನೆ, ತಟ್ಟೆಯ ಸಕ್ಕರೆ ಹಂಚುತ್ತಾರೆ. ಮಾತಾಡಿದರೆ, ಯಾರೂ ಇಲ್ಲದಾಗ ಗಂಡಸಿನ ಖೋಲಿಗೆ ಹೋದವಳು. ಕಿತ್ತೂರು ಹೋಗುತ್ತದೆ, ಇನ್ನೊಂದು ಊರೂ ಬರುವುದಿಲ್ಲ. ಎಲ್ಲಕ್ಕಿಂತ ಮೊದಲು, ಎರಡು ವರ್ಷದ ದುಡಿಮೆ ಕೊಳೆಸಿದವಳು ಯಾರೆಂದು ಅವರಿಗೆ ತಿಳಿಯುತ್ತದೆ. ಅವರು ಇನ್ನು ತನ್ನ ಮುಖ ನೋಡಲಾರರು. ಅದೊಂದೇ ಅವಳಿಗೆ ತಡೆಯದ ಸಂಗತಿ.

ತಾಟು ಕೆಳಗಿಟ್ಟಳು. ನಡುಮನೆಗೆ ಬಂದಳು.

"ಮಡಿವಾಳೆಪ್ಪ ಅಲ್ಲ. ನಾ ಚೆಲ್ಲೀನಿ."

ಅವಳ ದನಿ ಅಷ್ಟು ಸಣ್ಣದಿತ್ತು, ಮತ್ತೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಎಲ್ಲರಿಗೂ ಕೇಳಿಸಿತು. ಯಾವ ದಿನ, ಎಷ್ಟು ಹೊತ್ತಿಗೆ, ತಿಪ್ಪೆಯ ಯಾವ ಮೂಲೆಗೆ, ಉಪ್ಪು ಎಷ್ಟು ಸೇರು, ಎಲ್ಲವನ್ನೂ ನೆಲ ನೋಡುತ್ತ ಹೇಳಿದಳು. ಯಾಕೆ ಚೆಲ್ಲಿದೆ ಎಂದು ಫೌಜದಾರ ಕೇಳಿದ.

"ಅವರನ್ನ ಹಿಡಕೊಂಡು ಹೋಗತಾರ ಅಂತ ಕೇಳಿದ್ದೆ."

ಭಾಗೀರಥಿಬಾಯಿ ಕುಳಿತಲ್ಲಿಂದಲೇ ಕೇಳಿದಳು.

"ಹಿಡಕೊಂಡು ಹೋದ್ರ ನಿನಗೇನವಾ?"

ಯಮುನಾ ಆಗ ತಲೆ ಎತ್ತಿದಳು. ಭಾಗೀರಥಿಬಾಯಿಯನ್ನು ನೋಡಿದಳು, ಬಾಳಕೃಷ್ಣನನ್ನು ನೋಡಲಿಲ್ಲ.

"ಅವರು ಹೋದ್ರ ನನಗ ನೋಡಲಿಕ್ಕೆ ಏನೂ ಉಳೀತಿದ್ದಿಲ್ರಿ."

ಹಿತ್ತಲಲ್ಲಿ ಆಕಳು ಒದರಿತು. ಕಿತ್ತೂರಿನವರು ಒಬ್ಬರಾದ ಮೇಲೆ ಒಬ್ಬರು ಎದ್ದರು. ಫೌಜದಾರ ತಿಪ್ಪೆಯ ಬಳಿ ಹೋಗಿ ಮೂಸಿ ಬಂದ. ಕುಡಿಯುವುದಕ್ಕೆ ಕಾಯದೆ ಇದೆ, ಮಾರುವುದಕ್ಕೆ ಇದೆ, ಚೆಲ್ಲುವುದಕ್ಕೆ ಇನ್ನೂ ಯಾರೂ ಬರೆದಿಲ್ಲ ಎಂದು ಅವಳ ಹೇಳಿಕೆ ಬರೆದುಕೊಂಡು ಸಹಿ ತೆಗೆದುಕೊಂಡ. ಐದನೆಯ ಇಯತ್ತೆ ಬಿಟ್ಟ ಮೇಲೆ ಅವಳು ಹೆಸರು ಬರೆದದ್ದು ಅಂದೇ.

ಆ ಸಂಜೆ ಬಾಳಕೃಷ್ಣ ಖೋಲಿಯ ಬಾಗಿಲು ಹಾಕಿಕೊಂಡ. ಹೊಸ್ತಿಲ ಮೇಲೆ ಇಟ್ಟ ಊಟ ಹಾಗೆಯೇ ಮರಳಿ ಬಂತು. ಅವನು ಬೈದಿದ್ದರೆ ಅವಳು ಬದುಕುತ್ತಿದ್ದಳು. ಗೋಡೆಗೆ ಕಿವಿಯಿಟ್ಟು ಕುಳಿತಳು, ಬೈಗುಳವೂ ಬರಲಿಲ್ಲ.

ಬೆಳಗಾಯಿತು. ದಿಗಂಬರಭಟ್ಟರು ಸ್ನಾನ ಮುಗಿಸಿ, ರಾಮದುರ್ಗಕ್ಕೆ ಪತ್ರ ಬರೆಯಲು ಕುಳಿತರು. ನಿಮ್ಮ ಮಗನನ್ನು ಇನ್ನು ನನ್ನ ಮನೆಯಲ್ಲಿ ಇಟ್ಟುಕೊಳ್ಳಲು ಬಾರದು ಎಂದು. ಹನ್ನೊಂದರ ಬಸ್ಸಿಗೆ ಹೋಗಬೇಕೆಂದು ಬಾಳಕೃಷ್ಣನಿಗೂ ಹೇಳಿ ಕಳಿಸಿದ್ದರು.

ಯಮುನಾ ಹಿತ್ತಲಲ್ಲಿ ಬರಣಿಗಳನ್ನು ತಿಕ್ಕುತ್ತಿದ್ದಳು. ಕೊಳೆತ ಮಾಂಸವನ್ನು ಗುಂಡಿಗೆ ಹಾಕಿ, ಚಿಪ್ಪುಗಳನ್ನು ಒಂದೂ ಬೆರೆಸದೆ, ತಿಂಗಳ ಚೀಟಿಯೊಂದಿಗೆ ಬೇರೆ ಬೇರೆ ಎಲೆಯ ಮೇಲೆ ಜೋಡಿಸಿದ್ದಳು. ನೆರಳು ಬಿತ್ತು. ತಲೆ ಎತ್ತಲಿಲ್ಲ.

"ಒಂದು ಮಾತು ಕೇಳಬೇಕಿತ್ತು ನನ್ನ," ಎಂದ ಬಾಳಕೃಷ್ಣ.

"ಕೇಳಲಿಕ್ಕೆ ನೀವಿದ್ದಿಲ್ಲ."

"ನಿನ್ನೆ ರಾತ್ರೆಲ್ಲಾ ನಿಮ್ಮ ಮ್ಯಾಲೆ ಎಷ್ಟು ಸಿಟ್ಟು ಬಂದಿತ್ತು ಅಂದ್ರ, ಬಾಗಲಾ ತಗದ್ರ ಏನು ಅಂದುಬಿಡತೀನೋ ಅಂತ ತಗೀಲಿಲ್ಲ."

ಅವಳ ಕೈ ನಿಂತಿತು. ಈಗ ಅನ್ನಿರಿ ಎಂದಳು. ಅವನು ಕುಕ್ಕರುಗಾಲಲ್ಲಿ ಕುಳಿತು ಎಲೆಗಳ ಮೇಲಿನ ಚಿಪ್ಪುಗಳನ್ನು ನೋಡಿದ. ಮಾಂಸ ಹೋಗಿದೆ, ನೋಡಲು ಉಳಿದಿದ್ದ ಹತ್ತು ತಿಂಗಳ ಲೆಕ್ಕವೂ ಹೋಯಿತು. ಈ ವರ್ಷ ಪ್ರಬಂಧ ಇಲ್ಲ, ಶಿಷ್ಯವೇತನವೂ ಮುಗಿಯಿತು. ಮಳೆ ಕಳೆದ ಮೇಲೆ ಅಳಿವೆ ಮತ್ತೆ ಉಪ್ಪಾದಾಗ ಹೊಸ ಮರಿಗಳು ಬಂದು ಹುಲ್ಲಿಗೆ ಕಟ್ಟಿಕೊಳ್ಳುತ್ತವೆ. ಅಲ್ಲಿಂದ ಮತ್ತೆ ಮೊದಲ ಬರಣಿ. ಕಾರವಾರದಲ್ಲಿ ಮೀನುಗಾರಿಕೆಯ ಕಚೇರಿಯಲ್ಲಿ ಕಾರಕೂನನಾದರೂ ಆಗಿ ಅದನ್ನು ಮಾಡಬೇಕು. ಚಳಿಜ್ವರದ ಊರು, ತಾಳೆಗರಿಯ ಮನೆ, ಎರಡು ವರ್ಷ. ಇಷ್ಟನ್ನೂ ಅವನು ಚಿಪ್ಪುಗಳಿಗೆ ಹೇಳಿದ.

ಆಮೇಲೆ ಅವಳಿಗೆ ಹೇಳಿದ.

"ಧಾರವಾಡದಿಂದ ಬಂದು ಹೇಳತೀನಿ ಅಂದಿದ್ದೆ. ಅಲ್ಲಿ ಎಂಟು ದಿನ ಆ ಮಾತು ಬಾಯಿಪಾಠ ಮಾಡೀನಿ, ನಗಬ್ಯಾಡ್ರಿ. ನಿನ್ನೆ ನೀವು ಎಲ್ಲಾರ ಮುಂದ ಅಂದುಬಿಟ್ರಿ. ನಾ ಅಷ್ಟು ಕಲತಾವ, ಕಂಬಧಾಂಗ ನಿಂತಿದ್ದೆ."

ಅವಳು ನಗಲಿಲ್ಲ. ಕಣ್ಣೀರು ಒರೆಸಿಕೊಳ್ಳಲು ಕೈ ಸ್ವಚ್ಛವಿರಲಿಲ್ಲ. ಅವನು ತನ್ನ ಧೋತರದ ಚುಂಗಿನಿಂದ ಒರೆಸಿದ, ಹಿತ್ತಲ ಗೋಡೆಯಾಚೆ ಶಟ್ಟೆವ್ವ ಕೊಡ ಹೊತ್ತು ನಿಂತು ನೋಡುತ್ತಿದ್ದುದು ಗೊತ್ತಿದ್ದೂ ಒರೆಸಿದ.

ಒಳಗೆ ದಿಗಂಬರಭಟ್ಟರು ಪತ್ರದ ಕೊನೆಯ ಸಾಲಿಗೆ ಬಂದಿದ್ದರು. ಬಾಳಕೃಷ್ಣ ಅವರ ಮುಂದೆ ಕೈ ಜೋಡಿಸಿ ಕುಳಿತ. ಯಮುನಾ ಬಾಗಿಲಲ್ಲಿ ನಿಂತಳು.

"ಕಾಕಾ, ಆ ಪತ್ರದಾಗ ಇನ್ನೊಂದು ಮಾತು ಬರೀರಿ. ನಿಮ್ಮ ಮಗ ನಮ್ಮ ಯಮುನಾನ್ನ ಕೇಳ್ಯಾನ ಅಂತ."

ಭಟ್ಟರು ಬರೆಯುವ ಟಾಕು ಹಿಡಿದೇ ಕುಳಿತರು. ಜಾತಕದಲ್ಲಿ ಮಂಗಳವಿದೆ ಎಂದರು. ಗೊತ್ತು ಎಂದ. ನಿಮ್ಮ ತಂದೆ ಒಪ್ಪದಿದ್ದರೆ ಎಂದರು. ಆಗಲೂ ಕೇಳುತ್ತೇನೆ ಎಂದ. ಕೈಯಲ್ಲಿ ನೌಕರಿಯಿಲ್ಲ, ಕೆಲಸವೂ ಕೆಟ್ಟಿದೆ, ಕೆಡಿಸಿದವಳೂ ಅವಳೇ ಎಂದರು. ಬಾಳಕೃಷ್ಣ ಜೋಡಿಸಿದ ಕೈ ಬಿಡಲಿಲ್ಲ.

ಭಟ್ಟರು ಬಾಗಿಲ ಕಡೆ ತಿರುಗಿದರು. ಮಗಳನ್ನು ಅವರು ಏನನ್ನಾದರೂ ಕೇಳಿದ್ದು ಅದೇ ಮೊದಲು, ಹೇಗೆ ಕೇಳಬೇಕೆಂದೂ ಅವರಿಗೆ ತಿಳಿಯಲಿಲ್ಲ.

"ನೀ ಏನಂತಿ?"

ಯಮುನಾ ಹೊಸ್ತಿಲು ದಾಟಿ ಒಳಗೆ ಬಂದಳು. ಬಾಳಕೃಷ್ಣನನ್ನು ನೇರ ನೋಡಿ ಕೇಳಿದಳು.

"ನಿಮ್ಮ ಸಿಟ್ಟು ಹೋತೇನ್ರಿ?"

"ಇಲ್ಲ," ಎಂದ ಅವನು. "ಇನ್ನೂ ಭಾಳ ದಿನ ಇರತದ. ಸುಳ್ಳು ಹೇಳಂಗಿಲ್ಲ ನಿನಗ."

ನಿನಗ ಎಂದಿದ್ದ. ಅವನಿಗೇ ಅದು ಗೊತ್ತಾಗಿರಲಿಲ್ಲ. ಅವಳಿಗೆ ಗೊತ್ತಾಯಿತು.

"ಇರಲಿ," ಎಂದಳು ಯಮುನಾ. "ಸಿಟ್ಟಿನ ಜೋಡಿನೇ ಬರತೀನಿ."

ದಿಗಂಬರಭಟ್ಟರು ಟಾಕನ್ನು ಮತ್ತೆ ಶಾಯಿಯಲ್ಲಿ ಅದ್ದಿದರು.